ಮುಡಿಪು ಕಟ್ಟಿದ ಮೈಲುಗಳು

ಹೊಸಬಾಳೆಯ ನಮ್ಮಕ್ಕನ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಹಲಗೆಗೆ ಅಂಟಿದ ಹಿಟ್ಟನ್ನು ಕೆರೆದು ತೆಗೆಯಲು ಒಂದು ನೀಲಿ ಪ್ಲಾಸ್ಟಿಕ್ ಕಾರ್ಡು ಇದೆ. ಅಂಗೈಯೊಳಗೆ ಅಡಗುವಷ್ಟು ಚಿಕ್ಕದು, ಮೂಲೆಗಳು ಸವೆದು ದುಂಡಗಾಗಿವೆ, ಒಂದು ಕಾಲಕ್ಕೆ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿದ್ದ ಉಬ್ಬಕ್ಷರಗಳ ಸಂದಿಯಲ್ಲಿ ಈಗ ಅಕ್ಕಿಹಿಟ್ಟು ಒಣಗಿ ಕೂತಿದೆ. ಆ ಉಬ್ಬಕ್ಷರಗಳಲ್ಲಿರುವುದು ನನ್ನ ಹೆಸರು. ಹೆಸರಿನ ಕೆಳಗೊಂದು ಉದ್ದನೆಯ ಸಂಖ್ಯೆ, ಮೇಲೊಂದು ಹಾರುವ ವಿಮಾನದ ಚಿತ್ರ. ಯಾವ ಕಂಪನಿಯ ವಿಮಾನ ಎಂದು ಹೇಳುವುದಿಲ್ಲ. ಹೇಳಿದರೆ ಅವರ ಮೇಲೆ ದೂರು ಹೊರಿಸಿದ ಹಾಗಾಗುತ್ತದೆ, ಮತ್ತು ನಾನು ನಿಮಗೆ ಹೇಳಹೊರಟಿರುವುದು ಅವರ ತಪ್ಪನ್ನಲ್ಲ, ನನ್ನದನ್ನು.

ನೀವು ನಮ್ಮ ಕಡೆಯವರಾದರೆ, ನಾನಿರುವ ಶಿಕಾರಿಪುರಕ್ಕೂ ವಿಮಾನಕ್ಕೂ ಏನು ಸಂಬಂಧ ಎಂದು ಕೇಳುವುದು ನ್ಯಾಯವೇ. ಕೆಂಪು ಬಸ್ಸೇ ಹೊತ್ತಿಗೆ ಸರಿಯಾಗಿ ಬಾರದ ಊರು ನಮ್ಮದು. ಆದರೆ ನಾನೊಂದು ಬಿತ್ತನೆ ಬೀಜದ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕುಬಟೂರಿನಿಂದ ಉಡುತಡಿಯವರೆಗೆ ಯಾರ ಹೊಲದಲ್ಲಿ ಮೆಕ್ಕೆಜೋಳ ಎಷ್ಟೆತ್ತರ ಬಂದಿದೆ ಎಂದು ನೋಡುವುದು ನನ್ನ ಕೆಲಸ. ನೋಡಿದ್ದನ್ನು ತಿಂಗಳಿಗೊಮ್ಮೆ ಬೆಂಗಳೂರಿನಿಂದ ವಿಮಾನದಲ್ಲಿ ದೆಹಲಿಗೆ ಹೋಗಿ, ಜೋಳದ ತೆನೆಯನ್ನು ಎಂದೂ ಕೈಯಲ್ಲಿ ಹಿಡಿಯದ ದೊಡ್ಡ ಮನುಷ್ಯರ ಮುಂದೆ ಒಪ್ಪಿಸಿ ಬರುವುದು ಅದಕ್ಕಿಂತ ದೊಡ್ಡ ಕೆಲಸ. ತೊಂಬತ್ತರ ದಶಕದ ಆರಂಭದಲ್ಲಿ ಹೊಸ ಹೊಸ ವಿಮಾನ ಕಂಪನಿಗಳು ಹುಟ್ಟಿಕೊಂಡಾಗ, ಪದೇ ಪದೇ ಹಾರುವ ಗಿರಾಕಿಗಳನ್ನು ಕಟ್ಟಿಹಾಕಿಕೊಳ್ಳಲು ಅವರೊಂದು ಉಪಾಯ ಹೂಡಿದರು. ನೀವು ಹಾರಿದ ಮೈಲುಗಳನ್ನೆಲ್ಲ ಅವರು ನಿಮ್ಮ ಹೆಸರಿನಲ್ಲಿ ಕೂಡಿಡುತ್ತಾರೆ, ಸಾಕಷ್ಟು ಕೂಡಿದ ಮೇಲೆ ಒಂದು ಪ್ರಯಾಣವನ್ನು ಪುಕ್ಕಟೆ ಕೊಡುತ್ತಾರೆ. ಅದರ ಗುರುತಿಗೇ ಈ ನೀಲಿ ಕಾರ್ಡು. ಹೋದದ್ದು ಕಂಪನಿಯ ಕೆಲಸಕ್ಕೆ, ಟಿಕೆಟ್ ಕೊಂಡದ್ದು ಕಂಪನಿ, ಪುಣ್ಯ ಮಾತ್ರ ನನ್ನ ಪಾಲಿಗೆ! ಇಷ್ಟು ಅಗ್ಗದ ಪುಣ್ಯವನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ನಾಚಿಕೆಯ ಇನ್ನೊಂದು ಸಂಗತಿಯನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಅಷ್ಟೊಂದು ಸಲ ಹಾರಿಯೂ ನಾನು ಒಮ್ಮೆಯೂ ಕಿಟಕಿಯ ಪಕ್ಕ ಕೂತವನಲ್ಲ. ಇಳಿಯುವಾಗ ಎಲ್ಲರಿಗಿಂತ ಮೊದಲು ಎದ್ದು ನಿಲ್ಲಬಹುದೆಂದು ಓಡಾಡುವ ದಾರಿಯ ಪಕ್ಕದ ಸೀಟನ್ನೇ ಕೇಳಿ ಪಡೆಯುತ್ತಿದ್ದೆ. ಕೂತೊಡನೆ ಕಾಗದಪತ್ರ ತೆಗೆಯುವುದು, ಊಟ ಬಂದರೆ ಉಣ್ಣುವುದು, ಉಳಿದ ಹೊತ್ತು ತೂಕಡಿಸುವುದು. ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಬಸ್ಸಿನಲ್ಲಿ ಹೋಗುವಾಗಲಾದರೂ ಆಚೀಚೆ ನೋಡುತ್ತಿದ್ದ ನಾನು ಆಕಾಶದಲ್ಲಿ ಮಾತ್ರ ಏನನ್ನೂ ನೋಡಲಿಲ್ಲ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ಇನ್ನೂ ಮಾತು ಪೂರ್ತಿ ಬಂದಿರಲಿಲ್ಲವಂತೆ; ನನ್ನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅವಳು ಏಳನೆಯ ತರಗತಿಗೆ ಶರಣು ಹೊಡೆದು ಮನೆಗೆ ಬಂದಳು. ನನ್ನ ಕೈಹಿಡಿದು ಅಕ್ಕಿಯ ಮೇಲೆ ಅಕ್ಷರ ತಿದ್ದಿಸಿದವಳು ಅವಳೇ. ಸೊರಬದ ಹೊಸಬಾಳೆಗೆ ಮದುವೆಯಾಗಿ ಹೋದ ಮೇಲೆ ಅವಳ ಶಿಕಾರಿಪುರದ ಮಾತಿಗೆ ಒಂದಿಷ್ಟು ಮಲೆನಾಡಿನ 'ಎಂತಕ್ಕೆ'ಗಳು ಸೇರಿಕೊಂಡವು, ಅಷ್ಟೇ ಬದಲಾವಣೆ. ಮಿಕ್ಕಂತೆ ಅವಳು ಎಲ್ಲಿದ್ದರೂ ಹಿಂದಿನ ಸಾಲಿನವಳೇ. ಮದುವೆಮನೆಯಲ್ಲಿ ಕೊನೆಯ ಪಂಕ್ತಿ ಅವಳದು, ಬಸ್ಸಿನಲ್ಲಿ ಕುಲುಕಾಡುವ ಕೊನೆಯ ಸೀಟು ಅವಳದು, ಫೋಟೋ ತೆಗೆಯುವಾಗ ಬಾಗಿಲ ಮರೆಯ ಅರ್ಧ ಮುಖ ಅವಳದು. 'ಮುಂದೆ ಬಾರೇ' ಎಂದು ಕರೆದರೆ 'ಇಲ್ಲಿಂದ್ಲೇ ಎಲ್ಲ ಚಲೋ ಕಾಣ್ತದೆ' ಎನ್ನುವಳು. ಇದು ನನಗೆ ಚಿಕ್ಕಂದಿನಿಂದಲೂ ಸಹಿಸಲಾಗದ ಸಂಗತಿ.

ನಾನು ಮೊದಲ ಸಲ ವಿಮಾನದಲ್ಲಿ ಹೋಗಿಬಂದು ಹೊಸಬಾಳೆಗೆ ಹೋದಾಗ ಭಾವನವರು ಕೇಳಿದ್ದು ಊಟಕ್ಕೆ ಏನು ಕೊಟ್ಟರು ಎಂದು. ಅಕ್ಕ ಮಾತ್ರ ಒಲೆಯ ಮುಂದಿನಿಂದ ತಿರುಗಿ ಬೇರೆಯೇ ಒಂದು ಪ್ರಶ್ನೆ ಕೇಳಿದಳು.

"ನಾವು ಇಲ್ಲಿಂದ ಮೋಡದ ಹೊಟ್ಟೆ ನೋಡ್ತೀವಿ ಅಲ್ದಾ? ಅದ್ರ ಬೆನ್ನು ಹೆಂಗಿರ್ತದೋ?"

ನನಗೆ ಗೊತ್ತಿದ್ದರೆ ತಾನೇ ಹೇಳುವುದು! ನೋಡಿಲ್ಲ ಎಂದು ಒಪ್ಪಿಕೊಳ್ಳುವ ಬದಲು, "ನಾನು ಹೇಳೋದೆಂತಕ್ಕೆ, ನಿನ್ನನ್ನೇ ಕರ್ಕೊಂಡು ಹೋಗಿ ತೋರಿಸ್ತೀನಿ ಬಿಡು" ಎಂದು ದೊಡ್ಡ ಮಾತಾಡಿಬಿಟ್ಟೆ. ಅಕ್ಕ ನಕ್ಕಳು. ಆದರೆ ಅವಳ ಕಣ್ಣು ಎಷ್ಟು ಅರಳಿತೆಂದರೆ, ಗೆಳೆಯರೇ, ಅವಳು ಜೀವಮಾನದಲ್ಲಿ ತನಗಾಗಿ ಒಂದನ್ನು ಬಯಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವಳಿಗೆ ಮೋಡದ ಬೆನ್ನು ತೋರಿಸದಿದ್ದರೆ ನಾನು ಬದುಕಿದ್ದೂ ವ್ಯರ್ಥ ಎಂದು ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಕಾರ್ಡಿನ ಮೈಲುಗಳೆಲ್ಲ ಇನ್ನು ಅಕ್ಕನವು ಎಂದು ಅವಳಿಗೂ ಹೇಳಿದೆ.

ನಮ್ಮ ಮನೆತನಗಳಲ್ಲಿ ಮುಡಿಪು ಕಟ್ಟುವುದೆಂದರೆ ಏನೆಂದು ನಿಮಗೆ ಗೊತ್ತೇ ಇದೆ. ಮನೆದೇವರಿಗೆಂದು ಹರಕೆ ಹೊತ್ತದ್ದನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಜಗಲಿಯ ಮೇಲಿಟ್ಟರೆ, ಯಾತ್ರೆಗೆ ಹೊರಡುವ ದಿನದವರೆಗೆ ಅದನ್ನು ಬಿಚ್ಚುವಂತಿಲ್ಲ, ಎಷ್ಟಾಯಿತೆಂದು ಎಣಿಸುವಂತಿಲ್ಲ, ಅರ್ಧಕ್ಕೆ ಮುಟ್ಟುವಂತಿಲ್ಲ. ವಿಮಾನ ಕಂಪನಿಯವರು ಮೂರು ತಿಂಗಳಿಗೊಮ್ಮೆ ಎಷ್ಟು ಮೈಲು ಕೂಡಿತೆಂದು ಕಾಗದ ಬರೆಯುತ್ತಿದ್ದರು. ಮೊದಮೊದಲು ಒಡೆದು ನೋಡಿದೆ. ಒಂದೂವರೆ ವರ್ಷ ಕಳೆಯುವುದರೊಳಗೆ, ಹಿಂದಿನ ಸಾಧಾರಣ ತರಗತಿಯಲ್ಲಿ ನೀವು ಇಬ್ಬರು ಹೋಗಿಬರುವಷ್ಟು ಮೈಲು ಕೂಡಿದೆ, ಬೇಕಾದಾಗ ಕೇಳಿ ಪಡೆಯಬಹುದು ಎಂಬ ಕಾಗದ ಬಂತು.

ಆಗಲೇ ಹೊರಟಿದ್ದರೆ ಈ ಪ್ರಬಂಧ ಬರೆಯುವ ಕೆಲಸವೇ ಇರುತ್ತಿರಲಿಲ್ಲ. ನಾನು ಹೊರಡಲಿಲ್ಲ. ವಿಮಾನದ ಮೂತಿಯ ಕಡೆ, ಪರದೆಯ ಆಚೆ, ಅಗಲವಾದ ಸೀಟುಗಳ ಒಂದು ತರಗತಿಯಿತ್ತು. ಅಲ್ಲಿ ಕೂತವರಿಗೆ ಬಿಸಿ ಟವಲ್ಲು ಕೊಡುತ್ತಿದ್ದರು, ಹೆಸರು ಹಿಡಿದು ಕರೆಯುತ್ತಿದ್ದರು. ಜೀವನವಿಡೀ ಹಿಂದಿನ ಸಾಲಿನಲ್ಲಿ ಕೂತವಳನ್ನು ಆಕಾಶದಲ್ಲೂ ಹಿಂದಿನ ಸಾಲಿನಲ್ಲಿ ಕೂರಿಸಲೇ? ಇನ್ನೊಂದು ವರ್ಷ ಹಾರಿದರೆ ಮುಂದಿನ ತರಗತಿಗೆ ಸಾಕಾಗುವಷ್ಟು ಆದೀತು, ಕೂರಿಸಿದರೆ ಅಲ್ಲೇ ಕೂರಿಸುವುದು ಎಂದು ಹಟ ಹಿಡಿದೆ. ಅಕ್ಕನಿಗೆ ಇದನ್ನು ಹೇಳಿದಾಗ ಅವಳು ಆ ಕಾಗದಗಳನ್ನೆಲ್ಲ ನನ್ನ ಕೈಯಿಂದ ತೆಗೆದುಕೊಂಡು ಅರಿಶಿನದ ಬಟ್ಟೆಯಲ್ಲಿ ಕಟ್ಟಿದಳು.

"ಮುಡಿಪಂದ ಮೇಲೆ ಮುಡಿಪು. ಇನ್ಮೇಲೆ ಬಂದಿದ್ದನ್ನ ಒಡೀಬೇಡ, ಹಂಗೇ ತಂದು ಕೊಡು" ಎಂದಳು.

ಅದಾದ ಮೇಲೆ ಶಿಕಾರಿಪುರದ ಅಂಚೆಯವನು "ವಿಮಾನದ ಕಾಗ್ದ ಬಂದೈತ್ರೀ" ಎಂದು ಕೂಗಿ ಕೊಟ್ಟುಹೋದ ಲಕೋಟೆಗಳನ್ನೆಲ್ಲ ನಾನು ಒಡೆಯದೆಯೇ ಹೊಸಬಾಳೆಗೆ ಒಯ್ದು ಕೊಡುತ್ತಿದ್ದೆ. ಅಕ್ಕ ಒಂದೊಂದಕ್ಕೂ ವಿಭೂತಿಯ ಮೂರು ಗೆರೆ ಎಳೆದು ಗಂಟಿಗೆ ಸೇರಿಸುತ್ತಿದ್ದಳು. ಗಂಟು ದಪ್ಪವಾಗುತ್ತ ಹೋದದ್ದನ್ನು ನೋಡಿ ನಮ್ಮಿಬ್ಬರಿಗೂ ಸಮಾಧಾನವಾಗುತ್ತಿತ್ತು. "ದೇವರ ಜಗಲಿ ಮೇಲೇ ಏರೋಡ್ರೋಮ್ ಮಾಡ್ಕೊಂಡಿದೀರಲ್ರೀ" ಎಂದು ಭಾವ ತಮಾಷೆ ಮಾಡುತ್ತಿದ್ದರು.

ಇಲ್ಲಿ ನಮ್ಮಪ್ಪನ ಮಾತೊಂದು ನೆನಪಾಗುತ್ತದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಪಹಣಿ ಕೈಗೆ ಬಂದರೆ ಜನ ತಮ್ಮ ಹೆಸರು ಸರಿಯಾಗಿದೆಯೇ ಎಂದು ಮೊದಲು ಹುಡುಕುತ್ತಾರೆ. ಅಪ್ಪ ಹಾಗಲ್ಲ, ಜಮೀನಿನ ತರಗತಿಯನ್ನು ಬರೆದ ಕಲಮಿನ, ಅಂದರೆ ಅಂಕಣದ, ಮೇಲೆ ಮೊದಲು ಬೆರಳಿಡುತ್ತಿದ್ದರು. ನೀರಿನ ತರಿಯೋ, ಒಣ ಖುಷ್ಕಿಯೋ, ತೋಟದ ಬಾಗಾಯ್ತೋ? ನೆಲ ಅದೇ, ಮಣ್ಣು ಅದೇ, ಉಳುವವನೂ ಅವನೇ. ಆದರೆ ಆ ಕಲಮಿನಲ್ಲಿ ನೀರಿನ ಜಮೀನು ಎಂದಿದ್ದದ್ದು ಒಣ ಜಮೀನು ಎಂದಾದರೆ ಅವನ ಹಣೆಬರಹವೇ ಬೇರೆ. ವಿಮಾನದ ಟಿಕೆಟ್ಟಿನಲ್ಲೂ ಅಂಥದೊಂದು ಕಲಂ ಇರುತ್ತದೆ. ಕೆಂಪು ಕಾರ್ಬನ್ನಿನ ಆ ಪುಸ್ತಕದಂಥ ಟಿಕೆಟ್ಟಿನ ನಡುವೆ ಒಂದು ಚಿಕ್ಕ ಚೌಕ, ಅದರಲ್ಲಿ ಒಂದೇ ಒಂದು ಇಂಗ್ಲಿಷ್ ಅಕ್ಷರ. ಅದು ನೀವು ಕೊಂಡ ದರದ ತರಗತಿ. ಪಕ್ಕಪಕ್ಕದಲ್ಲೇ ಕೂತು ಒಂದೇ ಉಪ್ಪಿಟ್ಟು ತಿನ್ನುವ ಇಬ್ಬರ ಟಿಕೆಟ್ಟಿನಲ್ಲಿ ಬೇರೆ ಬೇರೆ ಅಕ್ಷರವಿರಬಹುದು; ಒಬ್ಬನಿಗೆ ಮೈಲು ಕೂಡುತ್ತದೆ, ಇನ್ನೊಬ್ಬನಿಗೆ ಕೂಡುವುದಿಲ್ಲ.

ನಮ್ಮ ಕಂಪನಿಗೆ ಹೊಸ ಮೇಲಧಿಕಾರಿಯೊಬ್ಬರು ಬಂದರು. ಪೂರ್ತಿ ದರದ ಟಿಕೆಟ್ ಯಾಕೆ, ಮೊದಲೇ ಕೊಂಡರೆ ರಿಯಾಯಿತಿಯದು ಸಿಗುತ್ತದಲ್ಲ ಎಂದು ಅವರು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಬೆಂಗಳೂರಿನ ಏಜೆಂಟು ಹಾಗೆಯೇ ಕೊಳ್ಳತೊಡಗಿದ. ಅದೇ ವಿಮಾನ, ಅದೇ ಸೀಟು, ಅದೇ ನಗುಮುಖದ ನಮಸ್ಕಾರ. ಚೌಕದಲ್ಲಿ ಅಕ್ಷರ ಬದಲಾದದ್ದನ್ನು, ಪಹಣಿಯ ಕಲಂ ಓದುವುದರಲ್ಲಿ ಇಡೀ ತಾಲ್ಲೂಕಿಗೆ ಹೆಸರಾದವರ ಮಗ ನೋಡಲೇ ಇಲ್ಲ. ಎರಡು ವರ್ಷ ನಾನು ಹಾರಿದ ಒಂದು ಮೈಲೂ ಅಕ್ಕನ ಲೆಕ್ಕಕ್ಕೆ ಸೇರಲಿಲ್ಲ, ಮತ್ತು ಸೇರುತ್ತಿಲ್ಲ ಎಂದು ಕಂಪನಿಯವರು ನನಗೆ ತಪ್ಪದೆ ಬರೆಯುತ್ತಲೇ ಇದ್ದರು.

ಅಕ್ಕನ ಕಣ್ಣಿನ ವಿಷಯ ನನಗೆ ತಿಳಿದದ್ದು ಒಂದು ಮಧ್ಯಾಹ್ನ, ಊಟಕ್ಕೆ ಕೂತಿದ್ದಾಗ. ಪಲ್ಯವನ್ನು ಅವಳು ತಟ್ಟೆಯ ಹೊರಗೆ, ನೆಲದ ಮೇಲೆ ಬಡಿಸಿದಳು. ಬಡಿಸಿ ಮುಂದಿನ ತಟ್ಟೆಗೆ ಹೋದಳು. ನಾನು ಭಾವನ ಮುಖ ನೋಡಿದೆ, ಅವರು ತಲೆ ತಗ್ಗಿಸಿದರು. ಎಡಗಣ್ಣು ಹೋಗಿ ವರ್ಷವಾಗಿತ್ತಂತೆ. ಪೊರೆ ಬಂದಿರಬೇಕು, ಕೊಯ್ಲು ಮುಗಿದ ಮೇಲೆ ತೋರಿಸಿದರಾಯಿತು ಎಂದುಕೊಂಡು ಅವಳು ಭಾವನಿಂದ ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಳಂತೆ. ಮರುದಿನವೇ ಶಿವಮೊಗ್ಗಕ್ಕೆ ಕರೆದೊಯ್ದೆ. ವೈದ್ಯರು ಒಳ್ಳೆಯ ಮನುಷ್ಯ. ಇದು ಪೊರೆಯಲ್ಲ, ಕಣ್ಣಿನೊಳಗಿನ ಒತ್ತಡಕ್ಕೆ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಬಲಗಣ್ಣನ್ನು ಔಷಧಿ ಹಾಕಿ ಆದಷ್ಟು ದಿನ ಉಳಿಸಿಕೊಳ್ಳೋಣ ಎಂದು ನಿಧಾನವಾಗಿ ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಅತ್ತೆ. ಅಕ್ಕ ನನ್ನ ಬೆನ್ನು ಸವರುತ್ತ ಕೂತಿದ್ದಳು, ಕೊನೆಯ ಸೀಟಿನಲ್ಲೇ.

ಮನೆಗೆ ಬಂದವನು ಕೈಕಾಲು ಕೂಡ ತೊಳೆಯದೆ ಮುಡಿಪಿನ ಗಂಟು ಇಳಿಸಿದೆ. ಇನ್ನು ತಡಮಾಡುವುದಿಲ್ಲ, ಈ ವಾರವೇ ಹೊರಡುವುದು, ಮುಂದಿನ ಸೀಟಿನಲ್ಲೇ! ಅಕ್ಕ ಗಂಟನ್ನು ಬೆರಳಲ್ಲೇ ತಡವಿ ಬಿಚ್ಚಿದಳು. ನಾನು ಒಂದೊಂದೇ ಲಕೋಟೆ ಒಡೆದೆ. ಮೊದಲನೆಯದರಲ್ಲಿ, ತಮ್ಮ ಟಿಕೆಟ್ಟಿನ ತರಗತಿ ಬದಲಾಗಿರುವುದರಿಂದ ಈ ಪ್ರಯಾಣಗಳಿಗೆ ಮೈಲು ಸಲ್ಲುವುದಿಲ್ಲ ಎಂದಿತ್ತು. ಎರಡನೆಯದರಲ್ಲೂ ಅದೇ. ನಂತರದ್ದರಲ್ಲಿ, ಹಳೆಯ ಮೈಲುಗಳ ಅವಧಿ ಇಂಥ ತಿಂಗಳಿಗೆ ಮುಗಿಯುತ್ತದೆ, ದಯವಿಟ್ಟು ಅಷ್ಟರೊಳಗೆ ಉಪಯೋಗಿಸಿಕೊಳ್ಳಿ ಎಂದಿತ್ತು. ಅದರ ನಂತರದ್ದರಲ್ಲಿ ಅದನ್ನೇ ಇನ್ನೊಮ್ಮೆ, ಇನ್ನಷ್ಟು ವಿನಯದಿಂದ ಜ್ಞಾಪಿಸಿದ್ದರು. ಕೊನೆಯದರಲ್ಲಿ ಸೊನ್ನೆ ಇತ್ತು. ಪ್ರತಿಯೊಂದರ ಮೇಲೂ ಅಕ್ಕ ಎಳೆದ ವಿಭೂತಿಯ ಮೂರು ಗೆರೆ ಹಾಗೇ ಇದ್ದವು.

"ಏನಂತೆ?" ಎಂದಳು ಅಕ್ಕ.

ಹೇಳಿದೆ. ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ.

ಅವಳು ಬಿಚ್ಚಿದ ಅರಿಶಿನದ ಬಟ್ಟೆಯನ್ನು ಮಡಿಸುತ್ತ, "ನಾನೇ ಕಟ್ಟಿಟ್ನಲ್ಲೋ ತಮ್ಮಾ. ಒಡೀಬೇಡ ಅಂದೋಳು ನಾನೇ" ಎಂದಳು. ಆ ಮಾತನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹಟ ಹಿಡಿದವನು ನಾನು, ಅಕ್ಷರ ನೋಡದವನು ನಾನು, ತಪ್ಪನ್ನು ಮಾತ್ರ ಅವಳು ತನ್ನ ಸೆರಗಿಗೆ ಕಟ್ಟಿಕೊಂಡಳು. ಮುಡಿಪಿನ ನಾಣ್ಯ ನೂರು ವರ್ಷ ಕಳೆದರೂ ಕೊಳೆಯುವುದಿಲ್ಲ. ಈ ಕಾಲದ ಮುಡಿಪಿಗೆ ಗಡುವು ಇರುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಪುಕ್ಕಟೆಯದು ಕೈತಪ್ಪಿದರೆ ತಪ್ಪಲಿ, ನನ್ನ ಸಂಬಳದಲ್ಲೇ ಕೊಳ್ಳುತ್ತೇನೆ, ಹಿಂದಿನ ಸೀಟಾದರೂ ಸರಿ, ನಾಳೆಯೇ ಹೋಗೋಣ ಎಂದು ಗೋಗರೆದೆ. "ಸುಗ್ಗಿ ಹತ್ರ ಬಂತು, ಆಳುಗಳಿಗೆ ಬೇಯಿಸಿ ಹಾಕೋರ್ಯಾರು? ಮುಗೀಲಿ, ಬರ್ತೀನಿ" ಎಂದಳು. ಅವಳನ್ನು ಹೊತ್ತುಕೊಂಡಾದರೂ ಹೋಗಬೇಕಿತ್ತು, ಅವಳು ನನ್ನನ್ನು ಹೊತ್ತಂತೆ. ಹೋಗಲಿಲ್ಲ. ಸುಗ್ಗಿ ಮುಗಿದು ಟಿಕೆಟ್ ಹಿಡಿದುಕೊಂಡು ನಾನು ಹೊಸಬಾಳೆಗೆ ಹೋದಾಗ ಅವಳು ಅಂಗಳದಲ್ಲಿ ನಿಂತಿದ್ದಳು. ನನ್ನ ಹೆಜ್ಜೆಯ ಸದ್ದಿಗೆ ಮುಖ ತಿರುಗಿಸಿದಳು. ನೋಟ ನನ್ನ ಕಿವಿಯ ಪಕ್ಕದಲ್ಲೆಲ್ಲೋ ಹಾದುಹೋಯಿತು. ಔಷಧಿ ಹಾಕಿಯೂ ಬಲಗಣ್ಣಿನಲ್ಲಿ ಹಗಲೋ ಇರುಳೋ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿದಿತ್ತು.

"ಕಾಣದೋಳಿಗೆ ಕಿಟಕಿ ಎಂತಕ್ಕೋ?" ಎಂದು ಅವಳು ಟಿಕೆಟ್ಟನ್ನು ನನ್ನ ಜೇಬಿಗೇ ತುರುಕಿದಳು. ಎಷ್ಟು ಬೇಡಿದರೂ ಒಪ್ಪಲಿಲ್ಲ. ಕೊನೆಗೆ, "ಹಂಗೆ ಮಾಡು. ಈ ಸಲ ನೀನು ಕಿಟಕಿ ಹತ್ರ ಕೂತ್ಕ. ನೋಡ್ಕೊಂಡು ಬಂದು ನಂಗೆ ಹೇಳು" ಎಂದಳು. ನಾನು ಎಂದೂ ಕಿಟಕಿಯ ಬಳಿ ಕೂತಿರಲಿಲ್ಲ ಎಂಬುದು ಅವಳಿಗೆ ಮೊದಲಿಂದಲೇ ಗೊತ್ತಿತ್ತೆ?

ಕೂತೆ. ಐವತ್ತನೆಯದೋ ಅರವತ್ತನೆಯದೋ ಪ್ರಯಾಣದಲ್ಲಿ ಮೊದಲ ಸಲ ಹಣೆಯನ್ನು ಗಾಜಿಗೆ ಒತ್ತಿಕೊಂಡು ಆಚೆ ನೋಡಿದೆ. ನೋಡಿ ಬಂದು ಅವಳ ಒಲೆಯ ಪಕ್ಕ ಕೂತು ಹೇಳಿದೆ: ಶಿಕಾರಿಪುರದ ಸಂತೆಪೇಟೆಯಲ್ಲಿ ಹತ್ತಿಯ ಅಂಡಿಗೆ ಬಿಚ್ಚಿ ಸುರಿದ ಹಾಗಿದೆ ಅಕ್ಕಾ, ದಿಗಂತದ ತನಕ ಹತ್ತಿ, ಒಂದು ಕಡೆ ಗುಡ್ಡೆ, ಒಂದು ಕಡೆ ತಗ್ಗು, ಮೇಲೆ ತೊಳೆದಿಟ್ಟ ನೀಲಿ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳಿದಳು. ಕೇಳಿ, "ಬಿಸ್ಲು ಮೇಲಿಂದ ಬೀಳ್ತದಲ್ಲ, ವಿಮಾನದ ನೆರಳು ಎಲ್ಲಿ ಬೀಳ್ತದೆ?" ಎಂದಳು. ನಾನು ಅದನ್ನು ನೋಡಿರಲಿಲ್ಲ. ಕಣ್ಣಿದ್ದವನಿಗೆ ಕಾಣದ್ದು ಅವಳಿಗೆ ಹೊಳೆದಿತ್ತು. ಮುಂದಿನ ತಿಂಗಳು ಅದಕ್ಕೆಂದೇ ಕಾದು ನೋಡಿದೆ. ಮೋಡದ ಬೆನ್ನ ಮೇಲೆ ಒಂದು ಪುಟ್ಟ ನೆರಳು ನಮ್ಮ ಜೊತೆಜೊತೆಗೇ ಓಡಿಬರುತ್ತಿತ್ತು, ಗುಡ್ಡೆ ಹತ್ತುತ್ತ, ತಗ್ಗಿಗೆ ಇಳಿಯುತ್ತ, ಎಲ್ಲೂ ಹಿಂದೆ ಬೀಳದೆ.

ಅದನ್ನೂ ಬಂದು ಹೇಳಿದೆ. ಅಂದು ಅವಳು ನನ್ನಿಂದ ನೀಲಿ ಕಾರ್ಡನ್ನು ಕೇಳಿ ಪಡೆದಿದ್ದಳು; ಇನ್ನದರಿಂದ ನನಗಾಗಬೇಕಾದ್ದೇನೂ ಇರಲಿಲ್ಲ. ಉಬ್ಬಕ್ಷರಗಳ ಮೇಲೆ ಬೆರಳಾಡಿಸಿ, "ಇದೆಂತದು?" ಎಂದಳು. ನನ್ನ ಹೆಸರು ಎಂದೆ. ಒಂದೊಂದೇ ಅಕ್ಷರವನ್ನು ತಡವುತ್ತ ಹೋದಳು, ಅಕ್ಕಿಯ ಮೇಲೆ ನನ್ನ ಬೆರಳು ಹಿಡಿದು ತಿದ್ದಿಸಿದಂತೆಯೇ. ಆಮೇಲೆ ಕೇಳಿದಳು:

"ಆ ನೆರಳಿನಾಗೆ ನೀನು ಎಲ್ಲಿ ಕೂತಿದ್ದೆ, ಮುಂದೋ, ಹಿಂದೋ?"

"ಹಿಂದೆ."

"ನೆರಳು ನೋಡಿದ್ರೆ ಗೊತ್ತಾಗ್ತದಾ, ಮುಂದೆ ಯಾರು ಹಿಂದೆ ಯಾರು ಅಂತ?"

"ಇಲ್ಲಕ್ಕಾ. ಎಲ್ಲ ಒಂದೇ ನೆರಳು."

"ಹಂಗಾದ್ರೆ ಆವಾಗ್ಲೇ ಹೋಗ್ಬೋದಿತ್ತಲ್ಲೋ" ಎಂದಳು ಅಕ್ಕ. ಬೈಗುಳವಿರಲಿಲ್ಲ ಅದರಲ್ಲಿ, ಒಲೆಗೆ ಇನ್ನೊಂದು ಕಟ್ಟಿಗೆ ಬೇಕು ಎಂದಷ್ಟು ಸಹಜವಾಗಿತ್ತು ದನಿ. ಆಮೇಲೆ ಹಲಗೆಯ ಅಂಚನ್ನು ಎಡಗೈಯಲ್ಲಿ ಹುಡುಕಿಕೊಂಡು, ನನ್ನ ಹೆಸರಿದ್ದ ಕಾರ್ಡಿನಿಂದ ಅಂಟಿದ ಹಿಟ್ಟನ್ನು ಕೆರೆಯತೊಡಗಿದಳು.